ಕೈಕೆಳಗೆ ಎಷ್ಟು ಜನ?

ಹುಡುಗ ಸಾಫ್ಟ್‌ವೇರ್ ಎಂದ ಕೂಡಲೇ ಹೆಣ್ಣಿನ ಕಡೆಯ ಹಿರಿಯರು ಎರಡು ಪ್ರಶ್ನೆ ಕೇಳುತ್ತಾರೆ. ಪ್ಯಾಕೇಜ್ ಎಷ್ಟು? ಕೈಕೆಳಗೆ ಎಷ್ಟು ಜನ ಇದ್ದಾರೆ? ಮೂವತ್ತು ದಾಟಿದವನು ಎರಡನೆಯದಕ್ಕೆ “ಯಾರೂ ಇಲ್ಲ, ಕೋಡ್ ನಾನೇ ಬರೀತೀನಿ” ಅಂದನೋ, ತಟ್ಟೆಯ ಕೇಸರಿಬಾತು ಅಲ್ಲೇ ಆರಿಹೋಗುತ್ತದೆ. ನಗುವ ಹಾಗಿಲ್ಲ. ಬೆಂಗಳೂರಿನ ಎಷ್ಟೋ ಕಂಪನಿಗಳ ಅಪ್ರೈಸಲ್ ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಕೇಳುವುದೂ ಇದನ್ನೇ.

ಏಳೆಂಟು ವರ್ಷ ಕೋಡ್ ಬರೆ, ಆಮೇಲೆ ಲೀಡ್ ಆಗು, ಆಮೇಲೆ ಮ್ಯಾನೇಜರ್. ಈ ರೂಢಿಯ ಬೇರು ಪ್ರೋಗ್ರಾಮಿಂಗ್ ವಿದ್ಯೆಯಲ್ಲಿಲ್ಲ, ಬಿಲ್ಲಿಂಗಿನಲ್ಲಿದೆ. 1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂದ ಇನ್ಫೋಸಿಸ್‌ನಿಂದ ಹಿಡಿದು ನಮ್ಮ ಸೇವಾ ಕಂಪನಿಗಳು ವಿದೇಶಿ ಗ್ರಾಹಕರಿಗೆ ಮಾರಿದ್ದು ಬಹುಪಾಲು ಎಂಜಿನಿಯರುಗಳ ದುಡಿಮೆಯ ಗಂಟೆಗಳನ್ನು. ಹದಿನೈದು ವರ್ಷ ಪಳಗಿದವನ ಸಂಬಳ ಫ್ರೆಶರ್‌ನದಕ್ಕಿಂತ ಹಲವು ಪಟ್ಟು. ಅವನ ಗಂಟೆಗೆ ಗ್ರಾಹಕ ಅಷ್ಟೇ ಪಟ್ಟು ಹೆಚ್ಚು ಕೊಡುವುದಿಲ್ಲ. ಹಾಗಾಗಿ ಅವನ ಕೆಳಗೆ ಹತ್ತು ಮಂದಿ ಹೊಸಬರನ್ನು ಕೂರಿಸಿದರೆ ಲೆಕ್ಕ ಸರಿಹೋಗುತ್ತದೆ. ಲೆಕ್ಕಪತ್ರದ ಈ ಅನುಕೂಲವನ್ನೇ ನಾವು ‘ಬೆಳವಣಿಗೆ’ ಎಂದು ಕರೆದು, ಮನೆಮಂದಿಗೂ ನಂಬಿಸಿಬಿಟ್ಟೆವು.

ಮ್ಯಾನೇಜರ್ ಆಗಿ ನಾಲ್ಕು ವರ್ಷ ಕಳೆದವನ ಲ್ಯಾಪ್‌ಟಾಪ್ ಹೇಗಿರುತ್ತದೆ? ಯಾರ ರಜೆ ಯಾವಾಗ ಎನ್ನುವ ಒಂದು ಎಕ್ಸೆಲ್ ಶೀಟು, ಯಾರ ಗಂಟೆ ಯಾವ ಪ್ರಾಜೆಕ್ಟಿಗೆ ಎನ್ನುವ ಇನ್ನೊಂದು. ಗುರುವಾರದ ಕಾಲ್‌ಗೆ ಕೆಂಪು, ಹಳದಿ, ಹಸಿರು ಬಣ್ಣ ತುಂಬಿದ ಸ್ಲೈಡುಗಳು. ಇದೂ ಕೆಲಸವೇ, ಚೆನ್ನಾಗಿ ಮಾಡುವವರು ಅಪರೂಪ. ಆದರೆ ಜನರನ್ನು ಸಂಭಾಳಿಸುವ ಒಲವೇ ಇಲ್ಲದವನನ್ನು ಅಲ್ಲಿ ಕೂರಿಸಿದರೆ ತಂಡಕ್ಕೆ ಒಬ್ಬ ಒಳ್ಳೆಯ ಪ್ರೋಗ್ರಾಮರ್ ನಷ್ಟ, ಜೊತೆಗೆ ಒಬ್ಬ ಕೆಟ್ಟ ಮ್ಯಾನೇಜರ್ ಲಾಭ! ಮಂದಿ ಕಡಿತದ ಕಾಲದಲ್ಲಿ ಅವನು ಹೊಸ ಕಡೆ ಇಂಟರ್‌ವ್ಯೂಗೆ ಕೂತಾಗ “ಒಂದು ಸಣ್ಣ ಕೋಡ್ ಬರೆದು ತೋರಿಸಿ” ಅಂತಾರೆ. ಬೆರಳು ಓಡುವುದಿಲ್ಲ.

ಈ ಕಾಯಿಲೆಗೆ ಮದ್ದು ಹೇಳಿ ಐವತ್ತು ವರ್ಷವೇ ಆಯಿತು. ಐಬಿಎಂನ ಓಎಸ್/360 ಯೋಜನೆಯನ್ನು ಮುನ್ನಡೆಸಿದ ಫ್ರೆಡ್ ಬ್ರೂಕ್ಸ್ 1975ರ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕದಲ್ಲಿ ಎರಡು ಏಣಿಗಳ ಮಾತಾಡುತ್ತಾರೆ: ಒಂದು ಆಡಳಿತದ್ದು, ಇನ್ನೊಂದು ತಾಂತ್ರಿಕದ್ದು, ಮೆಟ್ಟಿಲಿಗೆ ಮೆಟ್ಟಿಲು ಸಮ. ಸಂಬಳ ಒಂದೇ ಮಾಡುವುದು ಸುಲಭ, ಮರ್ಯಾದೆ ಒಂದೇ ಮಾಡುವುದು ಕಷ್ಟ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ತಾಂತ್ರಿಕ ಏಣಿಯಿಂದ ಆಡಳಿತದ ಏಣಿಗೆ ಹೋಗುವುದನ್ನು ಬಡ್ತಿ ಎಂದು ಕರೆಯಲೇಬಾರದು, ಸಂಬಳವನ್ನೂ ಏರಿಸಬಾರದು ಎಂದರು. ನಮ್ಮಲ್ಲಿ ಆರ್ಕಿಟೆಕ್ಟ್, ಪ್ರಿನ್ಸಿಪಲ್ ಎಂಜಿನಿಯರ್ ಎಂಬ ಹುದ್ದೆಗಳೇನೋ ಬಂದಿವೆ. ಉತ್ಪನ್ನ ತಯಾರಿಸುವ ಕಂಪನಿಗಳಲ್ಲಿ ಅವಕ್ಕೆ ತೂಕವೂ ಇದೆ. ಸೇವಾ ಕಂಪನಿಗಳಲ್ಲಿ ಮಾತ್ರ ಎಷ್ಟೋ ಆರ್ಕಿಟೆಕ್ಟ್‌ಗಳ ದಿನ ಕಳೆಯುವುದು ಟೆಂಡರಿನ ಪ್ರಪೋಸಲ್‌ಗೆ ಚಿತ್ರ ಬರೆಯುವುದರಲ್ಲಿ.

ವಯಸ್ಸಾದರೆ ಕೋಡ್ ಒಲಿಯುವುದಿಲ್ಲ ಎಂಬ ವಾದಕ್ಕೂ ಬುಡವಿಲ್ಲ. ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಹುಟ್ಟಿದ್ದು 1943ರಲ್ಲಿ. ಅವರೂ ಸೇರಿ ರೂಪಿಸಿದ ಗೋ ಭಾಷೆ ಹೊರಬಂದದ್ದು 2009ರಲ್ಲಿ. ಬುಡದ ತಿಳಿವು ಹಳತಾಗುವುದಿಲ್ಲ ಎಂಬುದಕ್ಕೆ ನಮ್ಮ ಕೆ. ಪಿ. ರಾವ್ ಅವರನ್ನೇ ನೋಡಿ. ಅಕ್ಷರ ಜೋಡಣೆಯ ಲೋಕದಿಂದ ಬಂದವರು. ಇವತ್ತು ‘ನುಡಿ’ ತಂತ್ರಾಂಶದಲ್ಲಿ ನಾವು ಒತ್ತುವ ಕೀಲಿಮಣೆಯ ಜೋಡಣೆಗೆ ಬುನಾದಿ ಅವರದೇ. ಅವರು ಹಿಡಿದದ್ದು ಯಾವುದೋ ಒಂದು ಪ್ಯಾಕೇಜಿನ ಸರ್ಟಿಫಿಕೇಟನ್ನಲ್ಲ; ಕನ್ನಡದ ಅಕ್ಷರ ಹೇಗೆ ಕೂಡಿಕೊಳ್ಳುತ್ತದೆ ಎಂಬ ತಿಳಿವನ್ನು.

ಪ್ರೋಗ್ರಾಮರುಗಳ ತಪ್ಪು ಕಾಣುವುದೂ ಇಲ್ಲೇ: ತಿಳಿವನ್ನು ಬಿಟ್ಟು ಒಂದೇ ಸಾಧನಕ್ಕೆ ಜೋತುಬೀಳುವುದು. ವೆಬ್ ಪುಟಗಳಲ್ಲಿ ಆನಿಮೇಷನ್ ಓಡಿಸುತ್ತಿದ್ದ ಫ್ಲ್ಯಾಶ್ ಒಂದನ್ನೇ ನಂಬಿ ಬದುಕಿದವರ ಕಾಲ ಮುಗಿಯುತ್ತ ಬಂತು, 2020ರ ಕೊನೆಗೆ ಅಡೋಬಿಯೇ ಅದಕ್ಕೆ ಬಾಗಿಲು ಹಾಕಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಜೆರ್ಸಿಯ ಗವರ್ನರ್, ನಿರುದ್ಯೋಗ ಭತ್ಯೆಯ ಹಳೆಯ ಕಂಪ್ಯೂಟರುಗಳನ್ನು ಸಂಭಾಳಿಸಲು ಕೋಬಾಲ್ ಬಲ್ಲವರು ಬನ್ನಿ ಎಂದು ಕರೆಕೊಟ್ಟರು. 1959ರ ಭಾಷೆ! ಹಾಗಂತ ಕೋಬಾಲ್ ಕಲಿಯಿರಿ ಎನ್ನುವ ಉಪದೇಶ ಇದಲ್ಲ. ಅಲ್ಲಿ ಬೇಕಾದದ್ದು ವ್ಯಾಕರಣವಷ್ಟೇ ಅಲ್ಲ, ಭತ್ಯೆಯ ನಿಯಮಗಳು ಆ ಕೋಡಿನೊಳಗೆ ಎಲ್ಲೆಲ್ಲಿ ಅಡಗಿವೆ ಎಂದು ಹುಡುಕಿ ತೆಗೆಯುವ ಕಣ್ಣು. ಕೋಡನ್ನು ಯಂತ್ರವೇ ಬರೆದುಕೊಡುವ ಈ ದಿನಗಳಲ್ಲಿ ಆ ಕಣ್ಣಿಗೆ ಕೆಲಸ ಇನ್ನೂ ಹೆಚ್ಚು: ಯಂತ್ರ ಕೊಟ್ಟದ್ದರಲ್ಲಿ ತಪ್ಪೆಲ್ಲಿದೆ ಎಂದು ಹೇಳಲು ಹತ್ತಾರು ಸಲ ಕೈಸುಟ್ಟುಕೊಂಡವನೇ ಬೇಕು.

ಬ್ರೂಕ್ಸ್ ಇನ್ನೊಂದು ಮಾತೂ ಹೇಳಿದ್ದರು: ಆಡಳಿತ ಬಿಟ್ಟು ತಾಂತ್ರಿಕ ಏಣಿಗೆ ಮರಳಿದವನಿಗೆ ಸಂಬಳ ಏರಿಸಲೇಬೇಕು. ಬೆಂಗಳೂರಿನ ಸೇವಾ ಕಂಪನಿಯೊಂದರಲ್ಲಿ ಹಾಗೆ ಮರಳಲು ಅರ್ಜಿ ಹಾಕಿದರೆ ಎಚ್‌ಆರ್‌ನಿಂದ ಮೊದಲು ಬರುವ ಪ್ರಶ್ನೆ ಊಹಿಸುವುದು ಕಷ್ಟವಲ್ಲ. “ಯಾಕೆ ಸರ್, ಟೀಮ್ ಜೊತೆ ಏನಾದ್ರೂ ಪ್ರಾಬ್ಲಮ್ಮಾ?”