ನೋಡುವ ಮೊದಲಿನ ಮಾತು

ನೋಡದ ನಾಟಕಕ್ಕೆ ವಿಮರ್ಶೆ ಬರೆಯುವುದೆಂದರೆ ಉಣ್ಣದ ಊಟಕ್ಕೆ ತೇಗಿದ ಹಾಗೆ ಎಂದು ನನ್ನ ಮನೆಯಾಕೆಯ ಅಭಿಪ್ರಾಯ. ಮಾತು ಸುಳ್ಳಲ್ಲ. ಆದರೂ ಈ ವಾರ ಆ ಅಪರಾಧವನ್ನು ಮಾಡುವುದೆಂದು ನಿಶ್ಚಯಿಸಿದ್ದೇನೆ. ‘ಸ್ಟಾರ್ ಸಿಟಿ’ ಎಂಬ ಟೆಲಿವಿಷನ್ ನಾಟಕವನ್ನು ತಯಾರಿಸುವುದಾಗಿ ಆಪಲ್ ಸಂಸ್ಥೆಯವರು 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿದಂದಿನಿಂದ ನಾನು ಅದರ ದಾರಿ ಕಾದವನು. ಈ ಸಾಲುಗಳನ್ನು ಬರೆಯುವಾಗ ನಾನು ಅದನ್ನು ನೋಡಿಲ್ಲ. ಅದರ ಬಗ್ಗೆ ಅನ್ಯರು ಬರೆದುದನ್ನು ಬೇಕೆಂದೇ ಓದಿಲ್ಲ. ನೋಡಿದ ಮೇಲೆ ನಮ್ಮ ಅಳತೆಗೋಲು ನೋಡಿದ ವಸ್ತುವಿಗೇ ಹೊಂದಿಕೊಂಡು ಬಾಗುತ್ತದೆ. ಅದು ಬಾಗುವ ಮೊದಲು, ಇಂಥ ನಾಟಕದಿಂದ ನಾನು ಬಯಸುವುದೇನು ಎಂಬುದನ್ನು ಬರೆದಿಟ್ಟುಬಿಡುವುದು ಮೇಲೆಂದು ತೋರಿತು.

ವಾಚಕರಲ್ಲಿ ಕೆಲವರಿಗಾದರೂ ಇದರ ತಾಯಿಬೇರಾದ ‘ಫಾರ್ ಆಲ್ ಮ್ಯಾನ್‌ಕೈಂಡ್’ ಪರಿಚಿತವಿರಬೇಕು. 2019ರ ನವೆಂಬರ್‌ನಲ್ಲಿ ಮೊದಲಾದ ಆ ನಾಟಕದ ಕಲ್ಪನೆ ಸರಳವಾದದ್ದು: 1969ರ ಜೂನ್‌ನಲ್ಲಿ, ಅಮೆರಿಕನ್ನರಿಗಿಂತ ಮೊದಲೇ, ಸೋವಿಯತ್ ಒಕ್ಕೂಟದ ಅಲೆಕ್ಸೇಯ್ ಲಿಯೊನೋವ್ ಚಂದ್ರನ ಮೇಲೆ ಕಾಲಿಟ್ಟಿದ್ದರೆ? ಸೋತ ಅಮೆರಿಕ ಸುಮ್ಮನಾಗದೆ ಮುಂದೆ ಮುಂದೆ ನುಗ್ಗುತ್ತದೆ. ಕತೆ ಅದರ ಹಿಂದೆ ಸಾಗುತ್ತದೆ. ‘ಸ್ಟಾರ್ ಸಿಟಿ’ ಅದೇ ಘಳಿಗೆಗೆ ಹಿಂದಿರುಗಿ, ಗೆದ್ದವರ ಅಂಗಳದಿಂದ ಅದನ್ನು ನೋಡುತ್ತದೆಯಂತೆ. ಗಗನಯಾತ್ರಿಗಳು, ಎಂಜಿನಿಯರುಗಳು, ಅವರ ನಡುವೆಯೇ ಕುಳಿತ ಗೂಢಚಾರರು, ಇವರ ಬಾಳು ಅದರ ವಸ್ತು ಎಂದು ಪ್ರಕಟಣೆ ಹೇಳಿತ್ತು. ಗೂಢಚಾರರು ಎಂಬ ಮಾತನ್ನು ಓದಿದಾಗಲೇ ನನಗೆ ಸ್ವಲ್ಪ ಭಯವಾಯಿತು. ಆ ಭಯಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ವಾಸ್ತವತೆಯ ಮಾತು. ನಮ್ಮ ಯಕ್ಷಗಾನದಲ್ಲಿ ಹನುಮಂತ ಕಡಲು ಹಾರಬೇಕಾದರೆ ಚೆಂಡೆಯ ಪೆಟ್ಟಿಗೆ ನಾಲ್ಕು ಹೆಜ್ಜೆ ಸಾಕು. ಕಡಲಿಲ್ಲವೆಂದು ಯಾರೂ ದೂರುವುದಿಲ್ಲ, ಆಟ ಕಡಲನ್ನು ತೋರಿಸುತ್ತೇನೆಂದು ಮಾತು ಕೊಟ್ಟೇ ಇಲ್ಲ. ವಾಸ್ತವ ನಾಟಕವಾದರೋ ಹಾಗೆ ಮಾತು ಕೊಟ್ಟಿದೆ. ಕೊಟ್ಟ ಮಾತಿಗೆ ತಪ್ಪಿದರೆ ಕೇಳುವ ಹಕ್ಕು ನೋಡುವವನಿಗುಂಟು. ಗಾಳಿಯಿಲ್ಲದ ಕಡೆ ಸ್ಫೋಟದ ಸದ್ದು ಕೇಳಿಸಿದರೆ ಅದು ಸುಳ್ಳು. ಆದರೆ ಸದ್ದನ್ನು ಅಡಗಿಸಿದ ಮಾತ್ರಕ್ಕೆ ನಾಟಕ ನಿಜವಾಗುವುದೂ ಇಲ್ಲ. ಯಂತ್ರ ಸರಿಯಾಗಿದ್ದು ಮನುಷ್ಯ ಸುಳ್ಳಾದ ಚಿತ್ರಗಳನ್ನು ನಾವು ಸಾಕಷ್ಟು ನೋಡಿದ್ದೇವೆ.

ಎರಡೂ ಸರಿಯಾಗಿ ಕೂಡಿದ್ದನ್ನು ನಾನು ಕಂಡದ್ದು ‘ಫ್ರಮ್ ದಿ ಅರ್ತ್ ಟು ದಿ ಮೂನ್’ ಎಂಬ ಹನ್ನೆರಡು ಕಂತುಗಳ ಮಾಲೆಯಲ್ಲಿ. ಎಚ್‌ಬಿಒ 1998ರಲ್ಲಿ ಪ್ರಸಾರ ಮಾಡಿದ ಅದಕ್ಕೆ ಆಂಡ್ರ್ಯೂ ಚೈಕಿನ್ ಅವರ ಪುಸ್ತಕ ಆಧಾರ. ಎಲ್ಲ ಕಂತುಗಳೂ ಒಂದೇ ಮಟ್ಟದವಲ್ಲ. ಕೆಲವು ತೀರ ಗಂಭೀರವಾಗಿ ಭಾಷಣ ಮಾಡುತ್ತವೆ. ಆದರೆ ಐದನೆಯ ಕಂತು, ‘ಸ್ಪೈಡರ್’, ನನ್ನ ಪಾಲಿಗೆ ಇಂದಿಗೂ ಈ ಬಗೆಯ ನಾಟಕಕ್ಕೆ ಒರೆಗಲ್ಲು. ಅದರಲ್ಲಿ ಚಂದ್ರಯಾನವೇ ಹಿನ್ನೆಲೆಗೆ ಸರಿದಿದೆ. ಲಾಂಗ್ ಐಲೆಂಡಿನ ಗ್ರಮನ್ ಕಾರ್ಖಾನೆಯಲ್ಲಿ ಟಾಮ್ ಕೆಲ್ಲಿ ಮತ್ತು ಸಂಗಡಿಗರು ಚಂದ್ರನ ಮೇಲೆ ಇಳಿಯುವ ವಾಹನವೊಂದನ್ನು ವರ್ಷಗಟ್ಟಲೆ ಕಟ್ಟುತ್ತಾರೆ, ಅಷ್ಟೇ ಕತೆ. ವಾಹನದ ತೂಕ ಹೆಚ್ಚಿತು; ಇಳಿಸಬೇಕು. ದೊಡ್ಡ ಕಿಟಕಿಗಳ ಗಾಜು ಭಾರ. ಕಿಟಕಿ ಸಣ್ಣದಾದರೆ ಕುಳಿತವನಿಗೆ ನೆಲ ಕಾಣದು. ಹಾಗಾದರೆ ಕೂರುವುದೇಕೆ? ಆಸನಗಳನ್ನೇ ಕಿತ್ತುಹಾಕಿ, ಯಾತ್ರಿಗಳು ನಿಂತುಕೊಂಡು, ಮುಖವನ್ನು ಸಣ್ಣ ತ್ರಿಕೋನದ ಕಿಟಕಿಗೆ ಹತ್ತಿರವಿಟ್ಟು ನಡೆಸಲಿ! ಹೀಗೆ ಒಂದು ಕೊರತೆಯಿಂದ ಒಂದು ಯೋಚನೆ ಹುಟ್ಟುವುದನ್ನು ಕಣ್ಣಾರೆ ಕಾಣುವಾಗ ಆಗುವ ಸಂತೋಷ, ಒಳ್ಳೆಯ ಪತ್ತೇದಾರಿ ಕತೆಯನ್ನು ಓದುವಾಗಿನ ಸಂತೋಷಕ್ಕಿಂತ ಕಡಿಮೆಯದಲ್ಲ.

ಅದರಲ್ಲಿಯೇ ಇನ್ನೊಂದು ದೃಶ್ಯ. ತರುಣ ಎಂಜಿನಿಯರನೊಬ್ಬ ತನ್ನ ಲೆಕ್ಕದಲ್ಲಿ ತಪ್ಪಾಗಿದೆಯೆಂದು ತಾನಾಗಿ ಬಂದು ಒಪ್ಪಿಕೊಳ್ಳುತ್ತಾನೆ. ಯಾರೂ ಕಂಡುಹಿಡಿದಿರಲಿಲ್ಲ. ಮುಖ್ಯಸ್ಥನ ಮುಖ ಬಾಡುತ್ತದೆ. ತಿಂಗಳುಗಳ ಕೆಲಸ ನೀರಾಯಿತು. ಆದರೂ ಹುಡುಗನನ್ನು ಮತ್ತೆ ಕೆಲಸಕ್ಕೇ ಕಳುಹಿಸುತ್ತಾನೆ. ಕಚೇರಿಯಲ್ಲಿ ದುಡಿದ ಯಾರಿಗಾದರೂ ಆ ಹುಡುಗನ ಎದೆಬಡಿತ ಗೊತ್ತು. ಈ ದೃಶ್ಯದಲ್ಲಿ ರಾಕೆಟ್ ಇಲ್ಲ, ನಕ್ಷತ್ರವಿಲ್ಲ, ಒಂದು ಮೇಜು, ಇಬ್ಬರು ಮನುಷ್ಯರು. ಬಾಹ್ಯಾಕಾಶದ ನಾಟಕವೆಂದರೆ ನನಗೆ ಇದೇ.

‘ಫಾರ್ ಆಲ್ ಮ್ಯಾನ್‌ಕೈಂಡ್’ ಈ ಎತ್ತರವನ್ನು ಕೆಲವು ಸಲ ಮುಟ್ಟಿದೆ. ಮೊದಲ ಭಾಗದಲ್ಲಿ ಮೂವರು ಚಂದ್ರನ ಮೇಲಿನ ಪುಟ್ಟ ಠಾಣ್ಯದಲ್ಲಿ ಸಿಕ್ಕಿಬಿದ್ದು, ಹಳೆಯ ಹಾಸ್ಯ ಧಾರಾವಾಹಿಯ ಕೆಲವೇ ಕಂತುಗಳನ್ನು ಮತ್ತೆ ಮತ್ತೆ ನೋಡುತ್ತ ಬೇಸರದಿಂದ ಕೊಳೆಯುತ್ತಾರೆ. ಗೋರ್ಡೊ ಎಂಬವನ ಮನಸ್ಸು ಹದ ತಪ್ಪುತ್ತದೆ. ಅವನ ಮಾನ ಉಳಿಸಿ ಮನೆಗೆ ಕಳುಹಿಸಲು ಜೊತೆಯ ಡೇನಿಯಲ್ ತನ್ನ ತೋಳನ್ನು ತಾನೇ ಮುರಿದುಕೊಳ್ಳುತ್ತಾಳೆ. ಲೋಕಕ್ಕೆ ಕಾಣುವುದು ಅವಳ ಅಜಾಗರೂಕತೆ ಮಾತ್ರ. ಚಂದ್ರಲೋಕದ ಬೇಸರವನ್ನು ಇಷ್ಟು ಧೈರ್ಯವಾಗಿ ತೋರಿಸಿದವರು ಕಡಿಮೆ. ಇದೇ ನಾಟಕ ಎರಡನೆಯ ಭಾಗದಲ್ಲಿ ಚಂದ್ರನ ಮೇಲೆ ಬಂದೂಕು ಹಾರಿಸಿತು. ಮೂರನೆಯದರಲ್ಲಿ ಮಂಗಳನವರೆಗೆ ಹೋಗಿ ಅಲ್ಲಿ ಹಳೆಯ ಸಂಸಾರದ ರಾದ್ಧಾಂತವನ್ನೇ ಬಿಚ್ಚಿತು. ಕೆಲಸವೇ ಕತೆಯಾಗಬಲ್ಲದೆಂಬ ನಂಬಿಕೆ ಬರೆದವರಿಗೆ ಕುಂದಿದಾಗಲೆಲ್ಲ ಗುಂಡಿನ ಸದ್ದು ಕೇಳಿಸುತ್ತದೆ.

ಗೂಢಚಾರರೆಂದರೆ ನನಗೆ ಭಯವಾಗುವುದು ಇದಕ್ಕೇ. ನಮ್ಮಲ್ಲಿಯೂ ಹೀಗಾಯಿತು. ಹೋಮಿ ಭಾಭಾ ಮತ್ತು ವಿಕ್ರಮ್ ಸಾರಾಭಾಯಿಯವರನ್ನು ಕುರಿತ ಹಿಂದಿಯ ‘ರಾಕೆಟ್ ಬಾಯ್ಸ್’ 2022ರಲ್ಲಿ ಬಂದಾಗ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಆ ಇಬ್ಬರೂ ಕೂಡಿದ್ದ ದಿನಗಳನ್ನು ನೋಡಿ ನಾನು ಹಿಗ್ಗಿದೆ. ಆದರೆ ವಿಜ್ಞಾನಿಗಳ ನಿಜವಾದ ಭಿನ್ನಾಭಿಪ್ರಾಯ ಸಾಲದೆಂದು, ಅಸೂಯೆಯಿಂದ ಕುದಿಯುವ ಕಲ್ಪಿತ ವಿಜ್ಞಾನಿಯೊಬ್ಬನನ್ನೂ, ಪರದೇಶದ ಬೇಹುಗಾರರನ್ನೂ ತಂದು ಕೂರಿಸಿದರು. ಖಳನಿಲ್ಲದೆ ಕತೆಯಿಲ್ಲ ಎಂಬುದು ಬಯಲಾಟದ ನಿಯಮವಿರಬಹುದು, ಪ್ರಯೋಗಶಾಲೆಯದಲ್ಲ.

ನಿಜವಾದ ಸ್ಟಾರ್ ಸಿಟಿಗೆ, ಮಾಸ್ಕೋ ಬಳಿಯ ಆ ಮುಚ್ಚಿದ ಊರಿಗೆ, ಕಲ್ಪಿತ ಖಳನ ಅವಶ್ಯಕತೆ ಎಂದೂ ಇರಲಿಲ್ಲ. ಸೆರ್ಗೇಯ್ ಕೊರೊಲ್ಯೋವ್‌ನನ್ನು ತೆಗೆದುಕೊಳ್ಳಿ. 1938ರಲ್ಲಿ ಬಂಧಿಸಿ ಕೊಲಿಮಾದ ಗಣಿಗೆ ತಳ್ಳಿದರು. ಅಲ್ಲಿ ಆತ ಹಲ್ಲುಗಳನ್ನು ಕಳೆದುಕೊಂಡ. ಹೀಗೆ ತನ್ನನ್ನು ಅರೆದ ರಾಜ್ಯಕ್ಕೇ ಆತ 1957ರಲ್ಲಿ ಸ್ಪುಟ್ನಿಕ್ ಕೊಟ್ಟ, 1961ರಲ್ಲಿ ಗಗಾರಿನ್‌ನನ್ನು ಮೇಲಕ್ಕೆ ಕಳುಹಿಸಿದ. ಲೋಕವೆಲ್ಲ ಗಗಾರಿನ್ನನ ಹೆಸರು ಹೇಳುವಾಗ ಇವನ ಹೆಸರು ‘ಮುಖ್ಯ ವಿನ್ಯಾಸಕ’ ಎಂದಷ್ಟೇ. 1966ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಸತ್ತಮೇಲೆಯೇ ಸೋವಿಯತ್ ಪ್ರಜೆಗಳು ಆ ಹೆಸರನ್ನು ಪತ್ರಿಕೆಯಲ್ಲಿ ಓದಿದರು. ಕರ್ಣನಿಗಾದರೂ ತನ್ನ ಜನ್ಮದ ಗುಟ್ಟು ಯುದ್ಧಕ್ಕೆ ಮೊದಲು ತಿಳಿಯಿತು. ಇವನ ಗುಟ್ಟು ಇವನಿಗೆ ಸದಾ ಗೊತ್ತಿದ್ದು, ಹೊರಗೆ ಹೇಳುವಂತಿರಲಿಲ್ಲ.

ಇನ್ನು ಎಂಜಿನ್‌ಗಳ ನಿರ್ಮಾಪಕ ವಲೆಂಟಿನ್ ಗ್ಲುಷ್ಕೊ. ಕೊರೊಲ್ಯೋವ್‌ನ ಬಂಧನಕ್ಕೆ ಗ್ಲುಷ್ಕೊವಿನ ಹೇಳಿಕೆಯೂ ಕಾರಣವೆಂಬ ಕಹಿ ಇಬ್ಬರ ನಡುವೆ ಇತ್ತೆಂದು ಬಲ್ಲವರು ಬರೆದಿದ್ದಾರೆ. ಆದರೆ ಅರವತ್ತರ ದಶಕದಲ್ಲಿ ಅವರು ಜಗಳವಾಡಿದ್ದು ಇಂಧನದ ಮೇಲೆ. ಚಂದ್ರನಿಗೆ ಹೋಗುವ ಎನ್-1 ರಾಕೆಟ್ಟಿಗೆ ಸೀಮೆಎಣ್ಣೆ ಜಾತಿಯ ಇಂಧನವೂ ದ್ರವ ಆಮ್ಲಜನಕವೂ ಸಾಕೆಂದು ಒಬ್ಬನ ಹಟ. ಒಂದಕ್ಕೊಂದು ತಾಗಿದೊಡನೆ ತಾವೇ ಹೊತ್ತಿಕೊಳ್ಳುವ, ಆದರೆ ವಿಷವಾದ ದ್ರವಗಳೇ ಬೇಕೆಂದು ಇನ್ನೊಬ್ಬನ ಹಟ. ಗ್ಲುಷ್ಕೊ ಕೈಬಿಟ್ಟ. ವಿಮಾನದ ಎಂಜಿನ್ ಮಾಡುತ್ತಿದ್ದ ಕುಜ್ನೆತ್ಸೋವ್‌ನನ್ನು ಆಶ್ರಯಿಸಬೇಕಾಯಿತು. ದೊಡ್ಡ ಎಂಜಿನ್ ಇಲ್ಲದ್ದರಿಂದ ಮೊದಲ ಹಂತದಲ್ಲೇ ಸಣ್ಣವು ಮೂವತ್ತನ್ನು ಕೂಡಿಸಿದರು. 1969ರಿಂದ 1972ರವರೆಗೆ ನಾಲ್ಕು ಸಲ ಹಾರಿಸಿದರು, ನಾಲ್ಕೂ ಸಲ ಸೋತರು. 1969ರ ಜುಲೈ 3ರಂದು ಅದು ಮರಳಿ ತನ್ನ ಉಡಾವಣಾ ವೇದಿಕೆಯ ಮೇಲೆಯೇ ಬಿದ್ದು ಅದನ್ನೂ ಸುಟ್ಟಿತು. ಇಬ್ಬರು ವೃದ್ಧರ ದಾಯಾದಿ ಮತ್ಸರ ಎರಡು ದ್ರವಗಳ ವಾದವಾಗಿ ಮಾರ್ಪಟ್ಟು ಒಂದು ದೇಶದ ಚಂದ್ರನನ್ನೇ ನುಂಗಿತು. ಇದಕ್ಕಿಂತ ದೊಡ್ಡ ನಾಟಕವಸ್ತು ಬೇಕೆ?

ಇಲ್ಲಿಯೇ ನನ್ನ ಮುಖ್ಯ ಅನುಮಾನವೂ ಇರುವುದು. ಆಪಲ್‌ನವರ ಕತೆಯಲ್ಲಿ ಕೊರೊಲ್ಯೋವ್ 1966ರಲ್ಲಿ ಸಾಯುವುದಿಲ್ಲ. ರಷ್ಯನ್ನರು ಗೆದ್ದದ್ದಕ್ಕೆ ಅದೇ ಮೂಲವೆಂದು ನಾಟಕದ ಕರ್ತೃಗಳಲ್ಲೊಬ್ಬರಾದ ರೊನಾಲ್ಡ್ ಮೂರ್ ಹೇಳಿದ್ದಾರೆ. ಒಬ್ಬ ಮನುಷ್ಯ ಬದುಕಿದ್ದರೆ ಮೂವತ್ತು ಎಂಜಿನ್‌ಗಳು ಒಟ್ಟಿಗೆ ಉರಿಯುತ್ತಿದ್ದವೇ? ಇರಬಹುದು. ಆದರೆ ಅದನ್ನು ನಾಟಕ ದುಡಿದು ಸಂಪಾದಿಸಬೇಕು. ಸೋಲನ್ನು ಅಳಿಸಿ ಗೆಲುವನ್ನು ಬರೆದಾಗ, ಸೋಲಿಗೆ ಕಾರಣವಾಗಿದ್ದ ಭಯ, ಅವಸರ, ಗುಟ್ಟು ಇವು ಎಲ್ಲಿ ಹೋದವು ಎಂಬುದಕ್ಕೆ ಉತ್ತರ ಬೇಕು.

ಗುಟ್ಟೆಂದರೆ ಎಂಥ ಗುಟ್ಟು! 1961ರ ಮಾರ್ಚ್‌ನಲ್ಲಿ, ಗಗಾರಿನ್ ಹಾರುವುದಕ್ಕೆ ಮೂರು ವಾರ ಮೊದಲು, ಬೊಂದರೆಂಕೊ ಎಂಬ ತರಬೇತಿಯ ಹುಡುಗ ಆಮ್ಲಜನಕ ತುಂಬಿದ ಕೋಣೆಯಲ್ಲಿ ಬೆಂಕಿಗೆ ಬಲಿಯಾದ. ಮದ್ಯಸಾರದಲ್ಲಿ ಅದ್ದಿದ ಹತ್ತಿಯೊಂದು ಬಿಸಿ ಒಲೆಯ ಮೇಲೆ ಬಿದ್ದದ್ದೇ ನೆವ. ಸುದ್ದಿ ಹೊರಬಿದ್ದದ್ದು 1986ರಲ್ಲಿ. ಈ ನಡುವೆ, 1967ರ ಜನವರಿಯಲ್ಲಿ, ಅಮೆರಿಕದ ಮೂವರು ಅದೇ ಬಗೆಯ ಬೆಂಕಿಯಲ್ಲಿ ಅಪೊಲೊ ಕೋಶದೊಳಗೆ ಸತ್ತರು. ನೆಲ್ಯೂಬೋವ್ ಎಂಬವನು ಶಿಸ್ತು ತಪ್ಪಿದನೆಂದು ಹೊರಹಾಕಿದ ಮೇಲೆ ಗುಂಪಿನ ಚಿತ್ರಗಳಿಂದಲೂ ಅವನನ್ನು ಒರಸಿಬಿಟ್ಟರು. ಗೂಢಚಾರರನ್ನು ತರಲೇಬೇಕೆಂದಿದ್ದರೆ ಇಲ್ಲಿಗೆ ತರಲಿ. ಕತ್ತಲಲ್ಲಿ ಪಿಸ್ತೂಲು ಹಿಡಿದು ಓಡುವವನು ಬೇಡ. ಬೆಳಕಿನಲ್ಲಿ ಕುಳಿತು, ಸಣ್ಣ ಕುಂಚದಿಂದ, ಚಿತ್ರದಲ್ಲಿ ನಗುತ್ತಿರುವವನ ಮುಖದ ಮೇಲೆ ಗೋಡೆಯ ಬಣ್ಣ ಬಳಿಯುವ ಗುಮಾಸ್ತ ಬೇಕು.

ಕನ್ನಡಿಗನಾದ ನನಗೆ ಈ ಊರಿನ ಬಗ್ಗೆ ಇಷ್ಟೇಕೆ ಆಸಕ್ತಿಯೆಂದು ಕೇಳಬಹುದು. 1984ರಲ್ಲಿ ಹಾರಿದ ರಾಕೇಶ್ ಶರ್ಮಾ ಪಳಗಿದ್ದು ಅಲ್ಲಿಯೇ. ಗಗನಯಾನಕ್ಕೆ ಆರಿಸಿದ ನಮ್ಮ ನಾಲ್ವರು ವೈಮಾನಿಕರು 2020–21ರಲ್ಲಿ ಹೋಗಿ ಕಲಿತದ್ದೂ ಅಲ್ಲಿಯೇ. ಅದಕ್ಕೂ ಹಿಂದೆ, ಉಡುಪಿ ಕಡೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ತಗಡಿನ ಷೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ, 1975ರ ಏಪ್ರಿಲ್ 19ರಂದು ಮೇಲೇರಿದ್ದು ಸೋವಿಯತ್ ರಾಕೆಟ್ಟಿನ ಮೇಲೆ. ಐದು ದಿನಗಳೊಳಗೆ ವಿದ್ಯುತ್ತಿನ ತೊಂದರೆಯಿಂದ ಅದರ ಪ್ರಯೋಗಗಳು ನಿಂತುಹೋದವು. ಆ ಐದನೆಯ ದಿನ ಪೀಣ್ಯದ ಷೆಡ್ಡಿನಲ್ಲಿ ಯಾರು ಯಾರ ಮುಖ ನೋಡಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆ ನಾಟಕವನ್ನು ನಮ್ಮವರೇ ಬರೆಯಬೇಕು. ಅದಕ್ಕೂ ಕಾಯುತ್ತಿದ್ದೇನೆ, ಆದರೆ ಅದರ ಮಾತು ಇನ್ನೊಮ್ಮೆ.

‘ಸ್ಟಾರ್ ಸಿಟಿ’ಯನ್ನು ನಾನು ಖಂಡಿತ ನೋಡುತ್ತೇನೆ. ರಾಕೆಟ್ಟಿನ ಬೆಂಕಿ ಚೆನ್ನಾಗಿಯೇ ಇರುತ್ತದೆ; ಆ ವಿಷಯದಲ್ಲಿ ಅವರಿಗೆ ಹಣವೂ ಕೈಚಳಕವೂ ಇವೆ. ನಾನು ಮೊದಲು ಗಮನಿಸುವುದು ಮುಖ್ಯ ವಿನ್ಯಾಸಕ ಊಟಕ್ಕೆ ಕುಳಿತಾಗ ರೊಟ್ಟಿಯನ್ನು ಹೇಗೆ ಅಗಿಯುತ್ತಾನೆ ಎಂಬುದನ್ನು. ಕೊಲಿಮಾದಿಂದ ಬಂದವನು ಕೊನೆಯ ತುಣುಕನ್ನು ತಟ್ಟೆಯಲ್ಲಿ ಬಿಡುತ್ತಾನೋ ಇಲ್ಲವೋ, ನೋಡಬೇಕು.