ಯಂತ್ರವೋ, ಗಾನವೋ?

ಧ್ವನಿಯಂತ್ರ ಚೆನ್ನಾಗಿಲ್ಲದಿದ್ದರೆ ಸಂಗೀತವಿದ್ದೇನು ಫಲ, ಸಂಘದ ಹಣದಿಂದ ಮೊದಲು ಅದನ್ನೇ ಕೊಳ್ಳೋಣವೆಂಬ ವಾದವನ್ನು ಈಚೆಗೆ ಕೇಳಿದೆವು. ನಾವು ಇದನ್ನು ಒಪ್ಪಲಾರೆವು.

೧೯೩೭ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆಯನ್ನೇ ವಾಚಕರು ನೆನೆಯಲಿ. ನಿಮಿಷಕ್ಕೆ ೭೮ ಸುತ್ತು. ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು. ಮೇಲೆ ಸೂಜಿಯ ಕರಕರ ಸದ್ದು ಬೇರೆ. ತಂಬೂರಿಯ ನಾದ ಅದರಲ್ಲಿ ಬಹುಮಟ್ಟಿಗೆ ಮುಳುಗಿದೆ. ಉತ್ತಮ ಯಂತ್ರವಿದ್ದಿದ್ದರೆ ಅದು ಉಳಿಯುತ್ತಿತ್ತೆಂಬುದನ್ನು ನಾವು ಅಲ್ಲಗಳೆಯೆವು. ಆದರೆ ಖಾನರು ಸ್ವರವನ್ನು ಮುಟ್ಟಿ, ಅದರಲ್ಲಿಯೇ ಕರಗಿ ನಿಲ್ಲುವ ಬಗೆಯನ್ನು ಆ ಕರಕರ ಕೆಡಿಸಲಾರದೆ ಹೋಯಿತು! ಬಾಲಕ ಭೀಮಸೇನ ಜೋಶಿಯವರು ಆ ಗಾನಕ್ಕೆ ಮರುಳಾದದ್ದು ತಟ್ಟೆಯಿಂದಲೇ. ಗುರುವನ್ನರಸಿ ಗದಗಿನ ಮನೆಯನ್ನೂ ಬಿಟ್ಟರು.

ಇದ್ದ ಹಣವೆಲ್ಲ ಧ್ವನಿವರ್ಧಕಕ್ಕೇ ಹೋದರೆ, ನಮ್ಮ ಮಕ್ಕಳಿಗೆ ಸರಿಗಮ ಹೇಳಿಕೊಡುವವರ ಸಂಬಳಕ್ಕೆ ಏನು ಉಳಿದೀತು?