ಕಷ್ಟಕಾಲದ ಓದು

'ನಿಮಗೆ ಅತ್ಯಂತ ಪ್ರಿಯವಾದ ಪುಸ್ತಕ ಯಾವುದು?' ಎಂದು ಯಾರಾದರೂ ಕೇಳಿದರೆ ನಾವು ಸಾಮಾನ್ಯವಾಗಿ ನಿಜ ಹೇಳುವುದಿಲ್ಲ. ಸುಳ್ಳು ಹೇಳಬೇಕೆಂಬ ದುರುದ್ದೇಶವೇನೂ ಇರುವುದಿಲ್ಲ. ಆದರೂ ಕೇಳಿದವರ ಮುಖ ನೋಡಿ, ನಮ್ಮ ಯೋಗ್ಯತೆಗೆ ಒಪ್ಪುವ ಒಂದು ಹೆಸರನ್ನು ಹೇಳಿಬಿಡುತ್ತೇವೆ. ಕನ್ನಡದ ಅಧ್ಯಾಪಕನಾದವನಂತೂ ಪಂಪನನ್ನೋ ಕುಮಾರವ್ಯಾಸನನ್ನೋ ಹೆಸರಿಸದಿದ್ದರೆ ಅವನು ತಿನ್ನುವ ಅನ್ನಕ್ಕೇ ದ್ರೋಹ ಬಗೆದಂತೆ! ಈ ಪ್ರಶ್ನೆಗೆ ನಿಜವಾದ ಉತ್ತರ ದೊರೆಯುವುದು ಸಭೆಯಲ್ಲಲ್ಲ, ಸಂದರ್ಶನದಲ್ಲೂ ಅಲ್ಲ. ಮನೆಯಲ್ಲಿ ಒಬ್ಬರು ಕಾಯಿಲೆ ಮಲಗಿರುವಾಗ, ರಾತ್ರಿ ಎರಡು ಗಂಟೆಗೆ ನಿದ್ರೆ ಬಾರದೆ ಎದ್ದು ಪುಸ್ತಕದ ಬೀರುವಿನ ಮುಂದೆ ನಿಂತಾಗ, ಕೈ ತಾನಾಗಿ ಯಾವುದರತ್ತ ಹೋಗುತ್ತದೆಯೋ ಅದೇ ಉತ್ತರ.

ಈ ಉತ್ತರ ನನಗೆ ದೊರೆತದ್ದು ಕೊರೋನಾದ ಎರಡು ವರ್ಷಗಳಲ್ಲಿ. 2020ರ ಮಾರ್ಚ್ 25ರಿಂದ ದೇಶದ ಬಾಗಿಲುಗಳೆಲ್ಲ ಮುಚ್ಚಿದಾಗ, ನಿಜ ಹೇಳಬೇಕೆಂದರೆ, ನನಗೆ ಒಳಗೊಳಗೇ ಸ್ವಲ್ಪ ಸಂತೋಷವೇ ಆಗಿತ್ತು. ಓದದೆ ಉಳಿದಿದ್ದ ದೊಡ್ಡ ಗ್ರಂಥಗಳನ್ನೆಲ್ಲ ಓದಿ ಮುಗಿಸಿಬಿಡುವೆನೆಂದು ಒಂದು ಪಟ್ಟಿಯನ್ನೂ ಮಾಡಿದ್ದೆ. ಸಂಬಳ ಬರುವವನ ಸಂತೋಷ ಅದು. ನಡೆದು ಊರು ಸೇರಬೇಕಾಗಿದ್ದವರಿಗೆ ಅಂಥ ಪಟ್ಟಿ ಇರಲಿಲ್ಲ. ಮರುವರ್ಷ, 2021ರ ಏಪ್ರಿಲ್ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ಮತ್ತೆ ಎಲ್ಲವೂ ಮುಚ್ಚಿತು. ಮೇ ತಿಂಗಳ ಮೊದಲ ವಾರದಲ್ಲಿ ನನ್ನ ತಾಯಿಗೆ ಜ್ವರ ಬಂದಿತು. ಆಸ್ಪತ್ರೆಯಲ್ಲಿ ಹಾಸಿಗೆ ಸಿಗುವುದು ದುಸ್ತರವಾಗಿದ್ದುದರಿಂದ ವೈದ್ಯರು ಫೋನಿನಲ್ಲೇ ಔಷಧ ಹೇಳಿ ಮನೆಯಲ್ಲಿಯೇ ಇರಿಸಿಕೊಳ್ಳಿ ಎಂದರು. ಅಮ್ಮ ಒಳಕೋಣೆಯಲ್ಲಿ, ನಾನು ಹೊಸ್ತಿಲಾಚೆ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು, ಕುರ್ಚಿಯ ಮೇಲೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ 95 ಬಂದರೆ ಮನೆಯಲ್ಲಿ ದೀಪಾವಳಿ, 92 ಬಂದರೆ ಕಾರ್ಗತ್ತಲು. ಹೀಗೆ ಹದಿನಾರು ದಿನ ಕಳೆದುವು. ನನ್ನ ಪಟ್ಟಿಯ ದೊಡ್ಡ ಗ್ರಂಥಗಳು ಯಾವುವೂ ಆಗ ನೆರವಿಗೆ ಬರಲಿಲ್ಲ.

ಬಾರದೆ ಹೋದವುಗಳ ವಿಚಾರವನ್ನೇ ಮೊದಲು ಹೇಳುತ್ತೇನೆ. ಕೊಲೆ, ಪತ್ತೇದಾರಿಯ ಧಾರಾವಾಹಿಗಳು ಚಿಂತೆಯನ್ನು ಮರೆಸುತ್ತವೆ ಎಂದು ಗೆಳೆಯರು ಹೇಳಿದರು. ನೋಡಿದೆ. ಒಂದು ಕಂತು ಮುಗಿದೊಡನೆ ಮುಂದಿನದಕ್ಕೆ ಜೀವ ಹಾತೊರೆಯುತ್ತಿತ್ತೇ ಹೊರತು ಮನಸ್ಸಿಗೆ ಎಳ್ಳಷ್ಟೂ ನೆಮ್ಮದಿಯಿರಲಿಲ್ಲ. ಮುಂದೇನಾಗುವುದೋ ಎಂಬ ಕುತೂಹಲವನ್ನು ಅನುಭವಿಸಬೇಕಾದರೆ ಬದುಕಿನಲ್ಲಿ ನಾಳೆ ಏನಾಗುವುದೆಂಬ ಭರವಸೆ ಇರಬೇಕು. ಮನೆಯಲ್ಲೇ ಆ ಪ್ರಶ್ನೆ ಕುಳಿತಿರುವಾಗ ಅದನ್ನು ಪರದೆಯ ಮೇಲೂ ನೋಡುವುದು ಗಾಯಕ್ಕೆ ಉಪ್ಪು ಸವರಿದಂತೆಯೇ.

ಇದಕ್ಕಿಂತ ನನ್ನನ್ನು ಕಲಕಿದ್ದು 'ಸಂಸ್ಕಾರ'ದ ಅನುಭವ. 1965ರಲ್ಲಿ ಪ್ರಕಟವಾದ ಅನಂತಮೂರ್ತಿಯವರ ಈ ಕಾದಂಬರಿಯನ್ನು ಇಪ್ಪತ್ತು ವರ್ಷದಿಂದ ಪಾಠ ಹೇಳುತ್ತಾ ಬಂದಿದ್ದೇನೆ. ದೂರ್ವಾಸಪುರದ ಅಗ್ರಹಾರ, ಜ್ವರದಿಂದ ಸತ್ತ ನಾರಣಪ್ಪ, ಸಂಸ್ಕಾರವಾಗದೆ ಬಿದ್ದ ಹೆಣ, ಸಾಯುವ ಇಲಿಗಳು, ಊರಿಗೆ ಕವಿಯುವ ಪ್ಲೇಗು - ಇವುಗಳ ಸಾಂಕೇತಿಕತೆಯನ್ನು ಕುರಿತು ಅರ್ಧ ಗಂಟೆ ನಿರರ್ಗಳವಾಗಿ ಮಾತನಾಡಬಲ್ಲೆ. ಆ ಮೇ ತಿಂಗಳಲ್ಲಿ ಅದನ್ನು ತೆರೆದು ಹತ್ತು ಪುಟ ಓದುವಷ್ಟರಲ್ಲಿ ಮುಚ್ಚಿಟ್ಟೆ. ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿ ನಿಂತಿದ್ದ ದಿನಗಳವು. ಅದೇ ವಾರ ಬೆಂಗಳೂರಿನಲ್ಲಿ ನನ್ನ ಚಿಕ್ಕಪ್ಪ ತೀರಿಕೊಂಡಿದ್ದರು. ಅಮ್ಮನನ್ನು ಬಿಟ್ಟು ಮೈಸೂರಿನಿಂದ ನಾನು ಹೋಗುವಂತಿರಲಿಲ್ಲ. ಅವರ ಮಗ ಹೊರದೇಶದಲ್ಲಿದ್ದ. ಹೆಣ ಸಂಕೇತವಾಗಿ ಉಳಿದಿರಲಿಲ್ಲ.

ಹಾಗಾದರೆ ತಪ್ಪು ಕೃತಿಯದೋ, ಓದುಗನದೋ? ಇದಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ಬಹು ಹಿಂದೆಯೇ ಉತ್ತರವಿದೆ. ತೀ. ನಂ. ಶ್ರೀಕಂಠಯ್ಯನವರ ಗ್ರಂಥವನ್ನು ಓದಿ ಪರೀಕ್ಷೆಗೆ ಕುಳಿತ ನನ್ನಂಥವರಿಗೆ ಅಭಿನವಗುಪ್ತನ ಹೆಸರು ಕಂಠಪಾಠ. ರಸಾನುಭವಕ್ಕೆ ಒದಗುವ ಏಳು ವಿಘ್ನಗಳನ್ನು ಆತ ಎಣಿಸುತ್ತಾನೆ. ಸಹೃದಯನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿಬಿಡುವುದು ಅವುಗಳಲ್ಲಿ ಒಂದು. ಕೃತಿ ಎಷ್ಟೇ ಉತ್ತಮವಾಗಿರಲಿ, ತನ್ನ ಮನೆಯ ಅಳುವೇ ಕಿವಿಯನ್ನು ತುಂಬಿರುವವನಿಗೆ ರಾಮನ ಅಳು ಕೇಳಿಸುವುದಿಲ್ಲ. ಆದರೆ ಆತ ಅಷ್ಟಕ್ಕೇ ನಿಲ್ಲಿಸುವುದಿಲ್ಲ, ಪರಿಹಾರವನ್ನೂ ಹೇಳುತ್ತಾನೆ. ಗಾನ, ವಾದ್ಯ, ಅಲಂಕೃತವಾದ ಮಂಟಪ ಮೊದಲಾದವು ಆ ಬಿಗಿಯನ್ನು ಸಡಿಲಿಸಿ ಹೃದಯವನ್ನು ತಿಳಿಗೊಳಿಸುತ್ತವಂತೆ. ಇದನ್ನು ನಾನು ಹಲವು ಸಲ ತರಗತಿಯಲ್ಲಿ ಹೇಳಿದ್ದೇನೆ. ಅರ್ಥವಾದದ್ದು ಆ ಕುರ್ಚಿಯ ಮೇಲೆ ಕುಳಿತಾಗ. ನಾಟಕಕ್ಕೆ ಗಾನವೂ ಮಂಟಪವೂ ಉಂಟು. ಮೌನವಾಗಿ ಓದುವ ಗದ್ಯಕ್ಕೆ ಅವು ಎಲ್ಲಿಂದ ಬರಬೇಕು? ಆ ಕೆಲಸವನ್ನು ಮಾಡಬಲ್ಲ ಕೆಲವು ಕೃತಿಗಳು ನಮ್ಮಲ್ಲಿ ಇವೆ ಎಂಬುದೇ ನಾನು ಕಂಡುಕೊಂಡ ಸಂಗತಿ.

ಮೊದಲನೆಯದು ಶಿವರಾಮ ಕಾರಂತರ 'ಬೆಟ್ಟದ ಜೀವ'. 1943ರ ಈ ಕಾದಂಬರಿಯಲ್ಲಿ ಕಥೆಯೆಂಬುದು ಬಲು ಸ್ವಲ್ಪ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದ ನಿರೂಪಕ ದೇರಣ್ಣ, ಬಟ್ಯ ಎಂಬ ಇಬ್ಬರು ಹಳ್ಳಿಗರ ಜೊತೆ ಗೋಪಾಲಯ್ಯ ಎಂಬ ವೃದ್ಧರ ಮನೆ ಸೇರುತ್ತಾನೆ, ಅವರೂ ಅವರ ಪತ್ನಿ ಶಂಕರಿಯೂ ಅವನನ್ನು ಹೊರಡಗೊಡದೆ ಉಳಿಸಿಕೊಳ್ಳುತ್ತಾರೆ, ಅಷ್ಟೆ. ಅಮ್ಮನಿಗೆ ಕೇಳಿಸಲೆಂದು ಇದನ್ನು ನಾನು ಹೊಸ್ತಿಲಿನಿಂದ ಗಟ್ಟಿಯಾಗಿ ಓದಲಾರಂಭಿಸಿದೆ. ಕಾರಂತರ ಗದ್ಯಕ್ಕೆ ನಯನಾಜೂಕು ಇಲ್ಲವೆಂದು ಆಕ್ಷೇಪಿಸುವವರಿದ್ದಾರೆ. ಮೌನವಾಗಿ ಓದುವಾಗ ನನಗೂ ಹಾಗೆಯೇ ಅನ್ನಿಸಿದ್ದುಂಟು. ಗಟ್ಟಿಯಾಗಿ ಓದಿದರೆ ಅದರ ಹದ ತಿಳಿಯುತ್ತದೆ. ಬೆಟ್ಟ ಹತ್ತುವವನ ಉಸಿರಿನಂತೆ ಅದು ನಡೆಯುತ್ತದೆ, ನಿಲ್ಲುತ್ತದೆ, ಮತ್ತೆ ನಡೆಯುತ್ತದೆ. ತೋಟ, ನೀರು, ಊಟ, ಆನೆ ಹುಲಿಗಳ ಕಾಟ, ಮುದುಕರ ವಿನೋದ - ಇವುಗಳ ನಡುವೆ ನಮಗೆ ತಿಳಿಯದಂತೆಯೇ ನಾವು ಅವರ ಮನೆಯವರಾಗಿಬಿಡುತ್ತೇವೆ.

ಇಷ್ಟೇ ಆಗಿದ್ದರೆ ಇದೊಂದು ಸುಖದ ಚಿತ್ರ ಎನ್ನಬಹುದಾಗಿತ್ತು. ಆದರೆ ಆ ಮನೆಯಲ್ಲಿ ಒಂದು ಜಾಗ ಬರಿದಾಗಿದೆ. ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ಗೋಪಾಲಯ್ಯನವರು ಆ ದುಃಖವನ್ನು ನಗೆಯಲ್ಲಿಯೂ ದುಡಿಮೆಯಲ್ಲಿಯೂ ಹುದುಗಿಸಿಕೊಂಡಿದ್ದಾರೆ. ಶಂಕರಿಗೆ ಅದು ಸಾಧ್ಯವಾಗಿಲ್ಲ. ಬಂದ ಅತಿಥಿಗೆ ಇನ್ನೊಂದು ದಿನ ಇರಿ ಎನ್ನುವ ಉಪಚಾರವನ್ನು ನಾನು ಹಳೆಯ ಕಾಲದ ಆತಿಥ್ಯದ ವರ್ಣನೆ ಎಂದು ಪಾಠ ಹೇಳುತ್ತಿದ್ದೆ. ಒಳಗಿನಿಂದ ಅಮ್ಮ ಕ್ಷೀಣವಾದ ದನಿಯಲ್ಲಿ ಅಂದಳು: 'ಅದು ಉಪಚಾರ ಅಲ್ವೋ. ಮನೇಲಿ ಒಂದು ಎಲೆ ಜಾಸ್ತಿ ಹಾಕೋ ಆಸೆ.' ನಾನು ಓದಿದ ವಿಮರ್ಶೆಗಳಲ್ಲಿ ಈ ಮಾತು ಇರಲಿಲ್ಲ. ತೀರದ ದುಃಖವನ್ನು ಇಟ್ಟುಕೊಂಡೂ ಬೆಳಗಾದೊಡನೆ ತೋಟಕ್ಕೆ ಹೋಗುವುದು ಹೇಗೆ ಎಂಬುದನ್ನು ಈ ಪುಸ್ತಕ ಉಪದೇಶಿಸುವುದಿಲ್ಲ, ಹೋಗಿ ತೋರಿಸುತ್ತದೆ.

ಎರಡನೆಯದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980). ಮೂಡಿಗೆರೆಯಲ್ಲಿ ಜೇನುತುಪ್ಪ ಕೊಳ್ಳಲು ಹೋದಲ್ಲಿಂದ ಮೊದಲಾಗುವ ಕಥೆ ಲಕ್ಷಾಂತರ ವರ್ಷಗಳ ಆಚೆಗೆ ನಮ್ಮನ್ನು ಒಯ್ಯುವ ರೀತಿ ಸೋಜಿಗದ್ದು. ಹಳ್ಳಿಯ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಹುಟ್ಟು ಪ್ರಕೃತಿತಜ್ಞನನ್ನು ಕಾಣುತ್ತಾರೆ. ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಎಲ್ಲರೂ ಸೇರಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಘಟ್ಟದ ಕಾಡಿಗೆ ಹೊರಡುತ್ತಾರೆ. ಇಲ್ಲಿಯೂ ಕುತೂಹಲವುಂಟು, ಪತ್ತೇದಾರಿ ಕಥೆ ನನಗೆ ಒಗ್ಗದೆ ಇದು ಒಗ್ಗಿದ್ದೇಕೆ ಎಂದು ಕೇಳಿಕೊಂಡೆ. ಪತ್ತೇದಾರಿ ಕಥೆಯಲ್ಲಿ ನಮ್ಮ ಗಮನವೆಲ್ಲ ಕೊನೆಯ ಪುಟದ ಮೇಲೆ. ನಡುವಿನದೆಲ್ಲ ದಾಟಬೇಕಾದ ಅಡ್ಡಿ. 'ಕರ್ವಾಲೊ'ದಲ್ಲಿ ಗಮನ ಪ್ರತಿ ಪುಟದ ಹುಳುವಿನ ಮೇಲೆ, ಎಲೆಯ ಮೇಲೆ, ಜಗಳದ ಮೇಲೆ ನಿಲ್ಲುತ್ತದೆ. ಕೊನೆಗೆ ಆ ಓತಿ ಯಾರ ಕೈಗೂ ಸಿಗದೆ ಕಣಿವೆಯ ಮೇಲೆ ತೇಲಿ ಹೋಗಿಬಿಡುತ್ತದೆ. ಕೈಗೆ ಸಿಗದೆ ಹೋದದ್ದು ಸೋಲಲ್ಲವೆಂದು ಅನ್ನಿಸುವ ಹಾಗೆ ಒಂದು ಪುಸ್ತಕವನ್ನು ಮುಗಿಸುವುದು ಸಾಮಾನ್ಯ ಶಕ್ತಿಯಲ್ಲ. ಆಕ್ಸಿಮೀಟರಿನ ಅಂಕಿಯೊಂದನ್ನೇ ಜಗತ್ತೆಂದು ನೋಡುತ್ತಿದ್ದ ನನಗೆ, ಜಗತ್ತು ಅದಕ್ಕಿಂತ ಬಹಳ ಹಳೆಯದು, ಬಹಳ ದೊಡ್ಡದು ಎಂಬ ನೆನಪು ಒಂದು ಬಗೆಯ ಔಷಧವೇ ಆಯಿತು.

ನೋಡಿದವುಗಳ ವಿಚಾರ. 2020ರ ಮಾರ್ಚ್ 28ರಿಂದ ದೂರದರ್ಶನವು ರಮಾನಂದ ಸಾಗರರ 'ರಾಮಾಯಣ'ವನ್ನು ಮರುಪ್ರಸಾರ ಮಾಡಿತಷ್ಟೆ. ಕಲೆಯ ದೃಷ್ಟಿಯಿಂದ ಅದರಲ್ಲಿ ಕುಂದುಗಳು ಹಲವು. 1987ರಲ್ಲಿ ಬೀದಿಗೊಂದೇ ಟೀವಿ ಇದ್ದ ಮನೆಯಲ್ಲಿ ಇಪ್ಪತ್ತು ಮಂದಿ ಒತ್ತಿಕೊಂಡು ಕುಳಿತು ನೋಡಿದ್ದನ್ನು, ಈಗ ಅಮ್ಮನೂ ನಾನೂ ಬಾಗಿಲು ಹಾಕಿಕೊಂಡು ನೋಡಿದೆವು. ಮುಂದೇನೆಂದು ಎಲ್ಲರಿಗೂ ಗೊತ್ತಿರುವ ಕಥೆಯ ಬಲ ಎಂಥದೆಂದು ಆಗ ತಿಳಿಯಿತು. ಶಂಕರ್‌ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' (1986) ಇನ್ನೂ ಸೊಗಸು. ಆಗುಂಬೆಯ ಮಳೆಬಿಸಿಲಿನ ಬೀದಿಯಲ್ಲಿ ಮಕ್ಕಳು ಹಿಂದಿಯಾಡುವುದು ಮೊದಲು ಕಿವಿಗೆ ಎಡರುತ್ತದೆ. ಎರಡು ಕಂತು ಕಳೆದರೆ, ವೈದ್ಯನಾಥನ್ ಅವರ ಸಂಗೀತದ ಹಿಂದೆ ಅದನ್ನೂ ಮರೆಯುತ್ತೇವೆ.

ಆದರೆ ನನ್ನ ಮೆಚ್ಚಿಕೆ, ಹೇಳಲು ಸಂಕೋಚವಾದರೂ ಹೇಳುತ್ತೇನೆ, 'ಗಣೇಶನ ಮದುವೆ'. ಫಣಿ ರಾಮಚಂದ್ರ ಅವರು 1990ರಲ್ಲಿ ತೆಗೆದ ಈ ಚಿತ್ರವನ್ನು ಸಾಹಿತ್ಯ ಪುರವಣಿಯಲ್ಲಿ ಹೆಸರಿಸುವುದು ಔಚಿತ್ಯವೇ ಎಂದು ಕೆಲವರು ಹುಬ್ಬೇರಿಸಬಹುದು. ಒಂದು ವಠಾರ. ಅಲ್ಲಿ ಅನಂತನಾಗ್ ಅವರ ಗಣೇಶನಿಗೂ ವಿನಯಾ ಪ್ರಸಾದ್ ಅವರ ಆದಿಲಕ್ಷ್ಮಿಗೂ ಹಾವು ಮುಂಗುಸಿಯ ಸಂಬಂಧ. ಕಾಗದದ ಮೂಲಕ ತಾನು ಪ್ರೀತಿಸುತ್ತಿರುವ ರೇಡಿಯೋ ಗಾಯಕಿ ಗೋಡೆಯಾಚೆಯ ಇವಳೇ ಎಂಬುದು ಅವನಿಗೆ ತಿಳಿಯದು. ಕಥೆ ಆಕಸ್ಮಿಕಗಳ ಮೇಲೆ ನಿಂತಿದೆ, ಕೆಲವು ಹಾಸ್ಯ ಎಳೆದಾಟದ್ದು, ಒಪ್ಪಿದೆ. ಆದರೆ ನೆರೆಮನೆಯವರು ಕಿಟಕಿಯಿಂದ ಕೈಬೀಸುವುದಕ್ಕೂ ಅಂಜುತ್ತಿದ್ದ ಆ ದಿನಗಳಲ್ಲಿ, ಜನ ಒಬ್ಬರಿಗೊಬ್ಬರು ಇಷ್ಟು ಹತ್ತಿರವಾಗಿ, ಇಷ್ಟು ಧಾರಾಳವಾಗಿ ಜಗಳವಾಡುತ್ತಿದ್ದುದು ನನಗೆ ಸ್ವರ್ಗದ ದೃಶ್ಯದಂತೆ ತೋರಿತು. ಹನ್ನೆರಡನೆಯ ದಿನ, ಒಳಕೋಣೆಯಲ್ಲಿ ಫೋನಿನ ಮೇಲೆ ಇದನ್ನು ನೋಡುತ್ತಿದ್ದ ಅಮ್ಮ ನಕ್ಕಳು. ಕೆಮ್ಮು ಬಾರದೆ ನಕ್ಕಳು. ಆ ನಗುವಿಗೆ ಕಾರಣವಾದ ಕೃತಿಯನ್ನು ನಾನು ಇನ್ನು ಹಗುರವೆಂದು ಕರೆಯಲಾರೆ.

ಇವೆಲ್ಲ ಪಲಾಯನವಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ನನ್ನ ವಿದ್ಯಾರ್ಥಿಗಳಿಗೆ ನಾನೇ ಎಷ್ಟೋ ಸಲ, ನೋವನ್ನು ಮರೆಸುವ ಸಾಹಿತ್ಯ ಕೀಳು, ಎದುರಿಸುವಂತೆ ಮಾಡುವುದು ಮೇಲು ಎಂದು ಹೇಳಿಕೊಟ್ಟಿದ್ದೇನೆ. ಈಗ ಆ ಮಾತನ್ನು ತಿದ್ದಿಕೊಳ್ಳಬೇಕಾಗಿದೆ. ಮರೆವು ಬೇರೆ, ವಿಶ್ರಾಂತಿ ಬೇರೆ. ದುಃಖದಿಂದಲೂ ದಣಿವಿನಿಂದಲೂ ಬಳಲಿದವರಿಗೆ ನಾಟ್ಯವು ವಿಶ್ರಾಂತಿಯನ್ನು ನೀಡುವುದೆಂದು ಭರತಮುನಿಯೇ ಹೇಳಿದ್ದಾನೆ. ಅದನ್ನು ಕೀಳೆಂದು ಆತ ಎಲ್ಲಿಯೂ ಹಳಿದಿಲ್ಲ. ಮರೆವನ್ನು ಕೊಡುವ ಕೃತಿ ಮುಗಿದಾಗ ನಾವು ಮೊದಲಿನ ಜಾಗದಲ್ಲಿಯೇ, ಮೊದಲಿಗಿಂತ ದಣಿದು, ಇರುತ್ತೇವೆ. ವಿಶ್ರಾಂತಿಯನ್ನು ಕೊಡುವ ಕೃತಿ ಮುಗಿದಾಗ ನಮಗೆ ಎದ್ದು ಕಷಾಯ ಕಾಯಿಸುವಷ್ಟು ತ್ರಾಣ ಬಂದಿರುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಲಕ್ಷಣ ನನಗೆ ತಿಳಿಯದು.

ಇನ್ನೊಂದು ಪರೀಕ್ಷೆಯೂ ಉಂಟು. ವಿಶ್ರಾಂತಿ ಪಡೆದವನು ತಾನು ಓದಲಾರದೆ ಬಿಟ್ಟದ್ದರ ಬಳಿಗೆ ಮರಳಬಲ್ಲ. ಅಮ್ಮ ಚೇತರಿಸಿಕೊಂಡಳು. ಆ ವರ್ಷದ ದಸರಾ ರಜೆಯಲ್ಲಿ ನಾನು 'ಸಂಸ್ಕಾರ'ವನ್ನು ಮತ್ತೆ ತೆರೆದು ಒಂದೇ ಸಲಕ್ಕೆ ಓದಿದೆ. ಇಡೀ ಅಗ್ರಹಾರ ಶಾಸ್ತ್ರಾರ್ಥದಲ್ಲಿ ತೊಡಗಿರುವಾಗ, ಚಂದ್ರಿ ಕತ್ತಲಲ್ಲಿ ಹೋಗಿ ಸಹಾಯ ಬೇಡುತ್ತಾಳೆ. ಮೀನಿನ ವ್ಯಾಪಾರಿ ಅಹಮದ್ ಬ್ಯಾರಿ ಗಾಡಿ ಕಟ್ಟಿಕೊಂಡು ಬಂದು, ನಾರಣಪ್ಪನ ಹೆಣವನ್ನು ಒಯ್ದು ಸುಟ್ಟು ಹೋಗಿಬಿಡುತ್ತಾನೆ. ಕಾದಂಬರಿಯಲ್ಲಿ ಅದಕ್ಕೆ ದೊರೆತಿರುವುದು ಸ್ವಲ್ಪವೇ ಜಾಗ. ಇಪ್ಪತ್ತು ವರ್ಷ ಪಾಠ ಹೇಳಿದ ನಾನು ಆ ಸಂದರ್ಭಕ್ಕೆ ಕೊಟ್ಟದ್ದು ಇನ್ನೂ ಸ್ವಲ್ಪ; ಪ್ರಾಣೇಶಾಚಾರ್ಯರ ಧರ್ಮಸಂಕಟವೇ ನನಗೆ ಕಾದಂಬರಿಯ ಸರ್ವಸ್ವವಾಗಿತ್ತು.

ನನ್ನ ಚಿಕ್ಕಪ್ಪನನ್ನು ಆ ಮೇ ತಿಂಗಳಲ್ಲಿ ಸುಟ್ಟವರು ಸ್ವಯಂಸೇವಕರು. ಅವರ ಕುಲಗೋತ್ರ ನಮಗೆ ತಿಳಿಯದು. ಪ್ಲಾಸ್ಟಿಕ್ಕಿನ ಉಡುಪಿನೊಳಗೆ ಅವರ ಮುಖವೂ ಕಾಣುತ್ತಿರಲಿಲ್ಲವಂತೆ. ಈ ಸಲ ಬಿ.ಎ. ತರಗತಿಯಲ್ಲಿ 'ಸಂಸ್ಕಾರ'ವನ್ನು ಅಹಮದ್ ಬ್ಯಾರಿಯ ಗಾಡಿಯಿಂದ ಆರಂಭಿಸಿದೆ.